ಬಂದೂಕು ಹಿಡಿದ ಕೈಗೆ ಗಾಳದ ದಾರ

ಹಾಸನದಿಂದ ಅರಸೀಕೆರೆ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋದರೆ ಕೊರವಂಗಲ. ಹೊರಗಿನವರಿಗೆ ಈ ಊರು ಗೊತ್ತಿರುವುದು ಬೂಚೇಶ್ವರ ದೇವಸ್ಥಾನದಿಂದ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಅವನ ಅಧಿಕಾರಿ ಬೂಚಿರಾಜ 1173ರಲ್ಲಿ ಕಟ್ಟಿಸಿದ ಗುಡಿ ಅದು. ನಮ್ಮ ಬ್ಯಾರಿ ಮನೆಗಳ ಕೆಲವರಿಗೆ ಮಾತ್ರ ಈ ಊರು ಬೇರೆ ಕಾರಣಕ್ಕೆ ಪರಿಚಯ: ಮೀನಿನ ಲೈನು. ಮಂಗಳೂರು ದಕ್ಕೆಯಿಂದ ಹೊರಟ ಮೀನು ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿ, ಸಕಲೇಶಪುರದ ಮೇಲೆ ಹಾಸನಕ್ಕೆ ಬರುತ್ತದೆ. ಅಲ್ಲಿಂದ ಐಸ್ ತುಂಬಿದ ಪೆಟ್ಟಿಗೆ ಕಟ್ಟಿಕೊಂಡ ಬೈಕು, ಆಟೋಗಳು ಸುತ್ತಲ ಹಳ್ಳಿಗಳಿಗೆ ಹೊರಡುತ್ತವೆ. ಹಾರ್ನ್ ಕೇಳಿದರೆ ಸಾಕು, ಹೆಂಗಸರು ಪಾತ್ರೆ ಹಿಡಿದು ಬರುತ್ತಾರೆ. ಬೂತಾಯಿಯನ್ನೂ ಬಂಗುಡೆಯನ್ನೂ ಮುದ್ದೆ ಜೊತೆ ಉಣ್ಣುವ ಊರುಗಳಿವು. ಕರಾವಳಿಯವರಿಗೆ ಇದು ವಿಚಿತ್ರ ಎನಿಸಬಹುದು, ಒಮ್ಮೆ ಉಂಡು ನೋಡಿ, ಆಮೇಲೆ ಮಾತಾಡಿ.

ಈ ಲೈನಿನಲ್ಲಿ ಹದಿನೈದು ವರ್ಷದಿಂದ ಮೀನು ಮಾರುವ ನಮ್ಮವರೊಬ್ಬರ ಜೊತೆ ಒಂದು ಭಾನುವಾರ ನಾವೂ ಹೋಗಿದ್ದೆವು. ಕೊರವಂಗಲದಲ್ಲಿ ಗಿರಾಕಿಗಳ ನಡುವೆ ನೀಟಾಗಿ ಕ್ಷೌರ ಮಾಡಿಸಿಕೊಂಡ, ನೆಟ್ಟಗೆ ನಿಲ್ಲುವ ಒಬ್ಬರಿದ್ದರು. ಇವರು 'ಮಿಲ್ಟ್ರಿ ಅಣ್ಣ' ಎನ್ನುತ್ತಾರೆ, ಅವರು 'ಕಾಕಾ' ಎನ್ನುತ್ತಾರೆ. ಸೈನ್ಯದಲ್ಲಿ ಹದಿನೇಳು ವರ್ಷ ಇದ್ದು ಹವಾಲ್ದಾರರಾಗಿ ನಿವೃತ್ತರಾದವರು. ಬಂಗುಡೆಯ ಕಿವಿರು ಎತ್ತಿ ನೋಡುತ್ತಾ ಕೇಳಿದರು, "ಇದ್ನ ಹಿಡಿಯೋದು ಹೆಂಗೆ ಕಾಕಾ? ನಾನು ಮರಳು ನೋಡ್ದೆ, ಹಿಮ ನೋಡ್ದೆ. ಸಮುದ್ರ ಮಾತ್ರ ರೈಲಿನ ಕಿಟಕಿಲಿ ನೋಡಿದ್ದು. ಒಂದ್ಸಲ ಬೋಟಲ್ಲಿ ಕರ್ಕೊಂಡ್ ಹೋಗ್ತೀರಾ?"

ಕಾಕ ನಕ್ಕು, "ಬನ್ನಿ ಅಣ್ಣ, ನಮ್ಮ ಭಾವನದ್ದೇ ಬೋಟುಂಟು" ಅಂದುಬಿಟ್ಟರು. ಮಾರುವಾಗ ಆಡುವ ಮಾತು ಅದು. ಆದರೆ ಪಕ್ಕದಲ್ಲಿ ನಿಂತಿದ್ದ ಅವರ ಮನೆಯವರು ಮಾತನ್ನು ಅಲ್ಲಿಗೇ ಬಿಡಲಿಲ್ಲ. "ಕರ್ಕೊಂಡ್ ಹೋಗಿ ಕಾಕಾ. ಬಂದ ಮೇಲಿಂದ ಇವ್ರು ಸರಿಯಾಗಿ ನಿದ್ದೆನೇ ಮಾಡಲ್ಲ. ಮನೆಲಿ ಕೂತ್ರೆ ಗೋಡೆ ನೋಡ್ತಾರೆ, ಹೊರಗೆ ಹೋದ್ರೆ ಎಲ್ಲಿಗೆ ಅಂತ ಹೇಳಲ್ಲ" ಎಂದರು. ಅವರು ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಯಜಮಾನರು ದುಡ್ಡು ಎಣಿಸಿ ಕೊಟ್ಟರು, ಬೇರೆ ಮಾತಾಡಲಿಲ್ಲ.

ಹಾಸನ ಕಡೆಗೆ ವಾಪಸು ಬರುವಾಗ ನಮ್ಮ ತಲೆಯಲ್ಲಿ ಉಳಿದದ್ದು ಈ ಎರಡು ಮಾತು. ಅದರ ಬೆನ್ನು ಹತ್ತಿ ಹೋದದ್ದರಿಂದ ಈ ಬರಹ.

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಸೈನಿಕನ ನೆನಪು ಹೊಸತಲ್ಲ. ಕೆರೆ ಏರಿಯಲ್ಲಿ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳೆಲ್ಲ ಅದೇ ಅಲ್ಲವೇ? ಸತ್ತವನಿಗೆ ಕಲ್ಲು ನಿಲ್ಲಿಸುವ ಪದ್ಧತಿ ಇತ್ತು. ಬದುಕಿ ಮರಳಿದವನಿಗೆ ಏನಿತ್ತೋ ಕಲ್ಲುಗಳು ಹೇಳುವುದಿಲ್ಲ. ಈ ಕಾಲದ ನೆನಪೂ ಇದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರಡಿ ಸಿಕ್ಕಿಕೊಂಡರು. ಆರು ದಿನದ ಮೇಲೆ ಜೀವಂತ ಸಿಕ್ಕಿ, ಫೆಬ್ರವರಿ 11ರಂದು ದಿಲ್ಲಿಯಲ್ಲಿ ಕೊನೆಯುಸಿರೆಳೆದ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಹೆಸರು ಎಲ್ಲರಿಗೂ ನೆನಪಿದೆ. ಅದೇ ಹಿಮದಡಿ ಹಾಸನ ತಾಲೂಕಿನ ತೇಜೂರಿನ ಸುಬೇದಾರ್ ನಾಗೇಶ್ ಇದ್ದರು, ಎಚ್.ಡಿ. ಕೋಟೆ ಕಡೆಯ ಮಹೇಶ್ ಇದ್ದರು, ಕರ್ನೂಲು ಜಿಲ್ಲೆಯ ಮುಸ್ತಾಕ್ ಅಹ್ಮದ್ ಇದ್ದರು. ತೇಜೂರಿನ ದಾರಿಯಲ್ಲೂ ನಮ್ಮ ಮೀನಿನ ಬೈಕು ಓಡುತ್ತದೆ.

ಸತ್ತವರ ಮಾತು ಹಾಗಿರಲಿ. ಸೈನ್ಯದಲ್ಲಿ ಸಿಪಾಯಿಯಾಗಿ ಸೇರಿದವರು ಹೆಚ್ಚಾಗಿ 35ರಿಂದ 40ರ ಆಸುಪಾಸಿನಲ್ಲೇ ಪಿಂಚಣಿ ಹಿಡಿದು ಊರಿಗೆ ಬರುತ್ತಾರೆ. ಬೇರೆ ಕೆಲಸದಲ್ಲಿರುವವರಿಗೆ ಅದು ಮಕ್ಕಳ ಶಾಲೆ, ಮನೆ ಸಾಲ ಎಂದು ಓಡಾಡುವ ನಡುವಯಸ್ಸು. ಇವರಿಗೆ ನಿವೃತ್ತಿ. ಬ್ಯಾಂಕಿನ ಬಾಗಿಲಲ್ಲೋ ಕಂಪೆನಿಯ ಗೇಟಿನಲ್ಲೋ ಸೆಕ್ಯುರಿಟಿ ಕೆಲಸ ಸಿಕ್ಕಿದರೆ ಪುಣ್ಯ. 2022ರ ಜೂನ್‌ನಲ್ಲಿ ಅಗ್ನಿಪಥ ಬಂದ ಮೇಲಂತೂ ಲೆಕ್ಕ ಇನ್ನೂ ಬೇರೆಯಾಗಿದೆ: ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಒಳಗೆ. ಉಳಿದವರು ಮೀಸೆ ಪೂರ್ತಿ ಬಲಿಯುವ ಮೊದಲೇ 'ಮಾಜಿ'ಗಳು.

ಅಮೆರಿಕದಲ್ಲಿ ಇಂಥವರಿಗಾಗಿ ಒಂದು ಪದ್ಧತಿ ಬೆಳೆದಿದೆ, ಮೀನು ಹಿಡಿಯಲು ಕರೆದುಕೊಂಡು ಹೋಗುವುದು. ಕೇಳಿದಾಗ ನಮಗೂ ನಗು ಬಂತು. ಯುದ್ಧದ ಗಾಯಕ್ಕೂ ಗಾಳಕ್ಕೂ ಏನು ಸಂಬಂಧ? ಶುರುವಾದದ್ದು ಆಸ್ಪತ್ರೆಯಿಂದ. ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹೋಗಿದ್ದ ನೌಕಾಪಡೆಯ ನಿವೃತ್ತ ಕ್ಯಾಪ್ಟನ್ ಎಡ್ ನಿಕೋಲ್ಸನ್ ಅಲ್ಲಿ ಇರಾಕ್, ಅಫ್ಘಾನಿಸ್ತಾನದಿಂದ ಕೈಕಾಲು ಕಳೆದುಕೊಂಡು ಬಂದ ಹುಡುಗರನ್ನು ನೋಡಿದರು. ಅವರನ್ನು ಮೀನು ಹಿಡಿಯಲು ಕರೆದೊಯ್ಯುವ ಕೆಲಸ 2005ರಲ್ಲಿ 'ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್' ಎಂಬ ಸಂಸ್ಥೆಯಾಯಿತು. ಟೆಕ್ಸಾಸಿನಲ್ಲಿ 2007ರಲ್ಲಿ ಹುಟ್ಟಿದ 'ಹೀರೋಸ್ ಆನ್ ದ ವಾಟರ್' ಸಣ್ಣ ಕಯಾಕ್ ದೋಣಿಗಳಲ್ಲಿ ಇದೇ ಕೆಲಸ ಮಾಡುತ್ತದೆ. ಇವೆರಡೂ ಹೆಚ್ಚಾಗಿ ಹೊಳೆ ಮತ್ತು ಕೆರೆಯ ನೀರಿನವು.

ನಡುಗಡಲಿಗೆ ಹೋಗುವುದು ಕ್ಯಾಲಿಫೋರ್ನಿಯಾದ 'ವಾರ್ ಹೀರೋಸ್ ಆನ್ ವಾಟರ್'. ಆಂಥೋನಿ ಷಿಯೆ ಎಂಬ ಉದ್ಯಮಿ 2018ರಲ್ಲಿ ಆರಂಭಿಸಿದರು. ನ್ಯೂಪೋರ್ಟ್ ಬಂದರಿನಿಂದ ಹತ್ತಾರು ಖಾಸಗಿ ಬೋಟುಗಳು ಗಾಯಗೊಂಡ ಸೈನಿಕರನ್ನು ಹತ್ತಿಸಿಕೊಂಡು ಕೆಲವು ದಿನ ಸಮುದ್ರದಲ್ಲೇ ಇರುತ್ತವೆ. ಬೋಟಿನ ಮಾಲಕರು ಬೋಟು ಕೊಡುತ್ತಾರೆ, ಡೀಸೆಲ್ ಹಾಕುತ್ತಾರೆ, ಚುಕ್ಕಾಣಿ ಹಿಡಿಯುತ್ತಾರೆ. ಸೈನಿಕನ ಕಿಸೆಯಿಂದ ಒಂದು ಕಾಸೂ ಇಲ್ಲ. ಪಂದ್ಯ ಎಂದು ಹೆಸರಿದ್ದರೂ ದೊಡ್ಡ ಮೀನು ಯಾರಿಗೆ ಸಿಕ್ಕಿತು ಎನ್ನುವುದು ನೆಪಕ್ಕೆ.

ಇದು ಮದ್ದಲ್ಲ. ಮನಸ್ಸಿನ ಕಾಯಿಲೆಗೆ ಡಾಕ್ಟರ್ ಬೇಕು, ಗುಳಿಗೆ ಬೇಕಾದರೆ ನುಂಗಬೇಕು. ಮೀನಿನ ಸಾರಿನಿಂದ ಅದು ಗುಣವಾಗುವುದಿಲ್ಲ. ಆದರೆ ಗಾಳ ಹಾಕಿ ಗೊತ್ತಿರುವವರನ್ನು ಕೇಳಿ. ದಾರ ಬೆರಳಿನ ಮೇಲಿದ್ದಾಗ ಗಮನವೆಲ್ಲ ಬೆರಳಿಗೆ ಬರುತ್ತದೆ. ತಲೆಯೊಳಗಿನ ಸದ್ದು ಸ್ವಲ್ಪ ಹೊತ್ತು ತಣ್ಣಗಾಗುತ್ತದೆ. ಪಕ್ಕದಲ್ಲಿ ಕುಳಿತವನ ಮುಖ ನೋಡದೆ ಮಾತಾಡಬಹುದು, ಮಾತಾಡದೆಯೂ ಇರಬಹುದು. ಆಸ್ಪತ್ರೆಯ ಕುರ್ಚಿಯಲ್ಲಿ 'ಏನಾಯ್ತು ಹೇಳಿ' ಎಂದು ಕೇಳಿದರೆ ಬಾಯಿ ಬಿಡದವರು ಬೋಟಿನಲ್ಲಿ ಮೂರನೇ ಗಂಟೆಗೆ ತಾವಾಗಿಯೇ ಹೇಳುತ್ತಾರೆ. ಇನ್ನೊಂದು ಸಂಗತಿಯನ್ನು ನಮ್ಮ ಬೆಂಗರೆಯ ಹಿರಿಯ ಕಲಾಸಿಯೊಬ್ಬರು ಹೇಳಿದರು. ಬೋಟೂ ಪ್ಲಾಟೂನಿನ ಹಾಗೆಯೇ ಅಂತೆ. ತಂಡೇಲನ ಮಾತು ಎಲ್ಲರೂ ಕೇಳಬೇಕು, ಬಲೆ ಎಳೆಯುವಾಗ ಜಾತಿ ಇಲ್ಲ, ಒಬ್ಬ ಜಾರಿದರೆ ಪಕ್ಕದವನು ಹಿಡಿಯಬೇಕು, ಒಂದೇ ತಟ್ಟೆಯ ಅನ್ನ. ಸೈನ್ಯ ಬಿಟ್ಟು ಬಂದವನು ಕಳೆದುಕೊಂಡದ್ದೂ ಇದನ್ನೇ ಇರಬೇಕು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಪುಣೆ ಹತ್ತಿರದ ಖಡ್ಕಿಯಲ್ಲಿ ಬೆನ್ನುಹುರಿ ಮುರಿದ ಸೈನಿಕರ ಪುನರ್ವಸತಿ ಕೇಂದ್ರ 1974ರಿಂದ ಇದೆ. ಪ್ರತಿ ವರ್ಷ ಡಿಸೆಂಬರ್ 7ರಂದು ನಾವು ಎದೆಗೆ ಚುಚ್ಚಿಕೊಳ್ಳುವ ಧ್ವಜ 1949ರಿಂದ ನಡೆದು ಬಂದದ್ದು. ಆ ಡಬ್ಬಿಗೆ ಹಾಕಿದ ದುಡ್ಡು ಸೈನಿಕ ಕುಟುಂಬಗಳ ಕಲ್ಯಾಣಕ್ಕೆ ಹೋಗುತ್ತದೆ. ಮೇಜರ್ ವಿವೇಕ್ ಜೇಕಬ್ ಎಂಬ ಮಾಜಿ ಕಮಾಂಡೊ ಕಟ್ಟಿದ 'ಕ್ಲಾ' ತಂಡ 2021ರ ಸೆಪ್ಟೆಂಬರಿನಲ್ಲಿ ಅಂಗವಿಕಲರಾದ ಎಂಟು ಮಂದಿಯನ್ನು ಸಿಯಾಚಿನ್ನಿನ 15,632 ಅಡಿ ಎತ್ತರದ ಕುಮಾರ್ ಪೋಸ್ಟಿಗೆ ಹತ್ತಿಸಿತು. ಸೈನ್ಯ ಬಿಟ್ಟವರು ತಮ್ಮ ವಿದ್ಯೆಯನ್ನು ಬೇರೆಯವರಿಗೆ ದಾನ ಮಾಡಿದ ಕಥೆ ಅದು. ಇಲ್ಲಿ ನಾವು ಹೇಳುತ್ತಿರುವುದು ಅದರ ತಿರುವುಮುರುವು. ಸಮುದ್ರ ಗೊತ್ತಿರುವವರು ತಮ್ಮ ವಿದ್ಯೆಯನ್ನು ಸೈನಿಕನಿಗೆ ಕೊಡುವುದು.

ಮಂಗಳೂರಿಗೆ ಬಂದು ದಕ್ಕೆಯಲ್ಲಿ ವಿಚಾರಿಸಿದೆವು. ಕಾಕನ ಭಾವ ನಿಜಕ್ಕೂ ಟ್ರಾಲ್‌ಬೋಟಿನ ಮಾಲಕ. ಮಾತು ಕೇಳಿ ಅವರ ಮುಖ ಮೊದಲು ಅರಳಿತು, ಆಮೇಲೆ ಗಂಭೀರವಾಯಿತು. "ಕರ್ಕೊಂಡು ಹೋಗ್ಲಿಕ್ಕೆ ನಮಗೆ ಖುಷಿಯೇ ಮಾರಾಯ್ರೇ. ಆದ್ರೆ ಏನಾದ್ರೂ ಆದ್ರೆ? ನಂಗೆ ಲೈಸೆನ್ಸ್ ಉಂಟು ಮೀನು ಹಿಡೀಲಿಕ್ಕೆ, ಜನ ಸಾಗಿಸ್ಲಿಕ್ಕಲ್ಲ."

ಅವರು ಹೇಳಿದ್ದು ಸರಿ. ನಮ್ಮ ಯಾಂತ್ರಿಕ ಬೋಟುಗಳೆಲ್ಲ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಮೀನುಗಾರಿಕೆಗೆಂದೇ ಪರವಾನಗಿ ಪಡೆದವು. ಪ್ರವಾಸಿಗರನ್ನು ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದೊಯ್ಯುವ ಮಲ್ಪೆಯ ಬೋಟುಗಳ ಕಾನೂನೇ ಬೇರೆ. ಮೀನಿನ ಬೋಟಿನಲ್ಲಿ ಹೊರಗಿನವರನ್ನು ಕೂರಿಸಿ ಅವಘಡವಾದರೆ ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ, ಕೇಸು ಮಾಲಕನ ಕೊರಳಿಗೆ. 'ದಾನಕ್ಕೆ ಕರ್ಕೊಂಡು ಹೋದದ್ದು' ಅಂದರೆ ಸಮುದ್ರಕ್ಕೂ ಗೊತ್ತಾಗುವುದಿಲ್ಲ, ಕೋರ್ಟಿಗೂ ಗೊತ್ತಾಗುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಹೋದರು. ಅದರಲ್ಲಿ ಮಕ್ಕಳಿದ್ದರು. ಹೆಚ್ಚು ಜನ ಹತ್ತಿಸಿದ ಒಂದು ದೋಣಿ, ದಡ ಕಾಣುವಷ್ಟು ಹತ್ತಿರ. ಪುಣ್ಯದ ಪ್ರಯಾಣ ಎಂದು ಅಲೆ ಬಿಟ್ಟುಕೊಡಲಿಲ್ಲ.

ಬೋಟಿನ ರಚನೆಯೂ ಅತಿಥಿಗಳಿಗೆಂದು ಇರುವಂಥದಲ್ಲ. ದಕ್ಕೆಯಲ್ಲಿ ಜಾಗವಿಲ್ಲದೆ ಬೋಟುಗಳು ಒಂದರ ಪಕ್ಕ ಒಂದು ನಾಲ್ಕೈದು ಸಾಲು ನಿಂತಿರುತ್ತವೆ. ನಿಮ್ಮ ಬೋಟು ಹತ್ತಲು ಮೂರು ಬೋಟು ದಾಟಬೇಕು. ಎರಡೂ ಕಾಲು ಗಟ್ಟಿ ಇರುವವರೇ ಜಾರುವ ಜಾಗ. ಕೃತಕ ಕಾಲಿನವರು ಹೇಗೆ ದಾಟಿಯಾರು? ಡೆಕ್ಕಿನ ಮೇಲೆ ಹಗ್ಗ, ಬಲೆ, ಕಬ್ಬಿಣದ ಬೋರ್ಡು, ವಿಂಚು. ಒಂದು ವಾರ, ಹತ್ತು ದಿನಕ್ಕೆ ಹೋಗುವ ಬೋಟಿನಲ್ಲಿ ಎಂಟು ಹತ್ತು ಮಂದಿ ಮಲಗುವ ಕ್ಯಾಬಿನ್ ನಮ್ಮ ಅಡುಗೆಮನೆಯಷ್ಟೂ ಇಲ್ಲ. ಕೆಳಗೆ ಐಸ್, ಮೇಲೆ ಎಂಜಿನ್ನಿನ ಕಾವು. ಜೊತೆಗೆ ಕಡಲು ಹೊಸಬರ ಹೊಟ್ಟೆಯನ್ನು ಹಿಡಿದು ತಿರುಗಿಸುತ್ತದೆ. ಹಿಮದಲ್ಲಿ ಆರು ತಿಂಗಳು ಕಾವಲು ಕಾದವರೂ ಇಲ್ಲಿ ಅರ್ಧ ಗಂಟೆಯಲ್ಲಿ ಬಾಯಿಗೆ ಟವೆಲ್ ಹಿಡಿಯಬೇಕಾದೀತು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ, ದಕ್ಕೆಯಲ್ಲಿ ಅದನ್ನು ತಗ್ಗಿದ ದನಿಯಲ್ಲಿ ಹೇಳಿದರು. ಸಮುದ್ರದಲ್ಲಿ ಸಮವಸ್ತ್ರ ಕಂಡರೆ ಮೀನುಗಾರನಿಗೆ ಮೊದಲು ನೆನಪಾಗುವುದು ತಪಾಸಣೆ. 2008ರ ನವೆಂಬರಿನಲ್ಲಿ ಮುಂಬೈಗೆ ಬಂದ ಉಗ್ರರು ಗುಜರಾತಿನ 'ಕುಬೇರ್' ಎಂಬ ಮೀನಿನ ಬೋಟನ್ನೇ ವಶಪಡಿಸಿಕೊಂಡು, ಅದರ ತಂಡೇಲ ಅಮರಸಿಂಹ ಸೋಲಂಕಿಯನ್ನು ಕೊಂದು ಬಂದಿದ್ದರು. ಅಲ್ಲಿಂದ ಮುಂದೆ ಕರಾವಳಿಯ ಎಲ್ಲ ಮೀನುಗಾರರಿಗೂ ಬೆರಳಚ್ಚಿನ ಗುರುತು ಚೀಟಿ ಬಂತು, ಬೋಟುಗಳಿಗೆ ಬಣ್ಣದ ಗುರುತು ಬಂತು, ಕರಾವಳಿ ಕಾವಲು ಪೊಲೀಸರ ಕೆಲಸ ಹೆಚ್ಚಿತು. ಬೇಕಾದ್ದೇ. ಯಾರೂ ತಕರಾರು ಮಾಡಲಿಲ್ಲ. ಆದರೆ ಕಸಬಾ ಬೆಂಗರೆಯ ಯುವಕನೊಬ್ಬ ಹೇಳಿದ್ದನ್ನೂ ಇಲ್ಲಿ ಬರೆಯಬೇಕು: "ಕಾರ್ಡ್ ಎಲ್ಲರಿಗೂ ಕೇಳ್ತಾರೆ. ಹೆಸರು ಓದಿದ ಮೇಲೆ ನಮಗೆ ಒಂದು ಪ್ರಶ್ನೆ ಜಾಸ್ತಿ ಇರ್ತದೆ ಅಷ್ಟೆ." ಅವನು ಕೋಪದಿಂದ ಹೇಳಲಿಲ್ಲ, ಹವಾಮಾನದ ಬಗ್ಗೆ ಹೇಳಿದ ಹಾಗೆ ಹೇಳಿದ. ನಮಗೆ ಅದೇ ಹೆಚ್ಚು ಚುಚ್ಚಿತು.

ಹಾಗೆಂದು ಕಡಲಿನಲ್ಲಿ ಸೈನಿಕನೂ ಮೀನುಗಾರನೂ ಬರೀ ಕಾರ್ಡಿನ ಸಂಬಂಧದವರಲ್ಲ. ಮಲ್ಪೆಯ 'ಸುವರ್ಣ ತ್ರಿಭುಜ' ಬೋಟು ನೆನಪಿದೆಯಲ್ಲ? 2018ರ ಡಿಸೆಂಬರ್ 13ರಂದು ಏಳು ಮಂದಿಯೊಡನೆ ಹೊರಟ ಬೋಟು ಎರಡು ದಿನದಲ್ಲಿ ಸಂಪರ್ಕಕ್ಕೆ ಸಿಗದಾಯಿತು. ತಿಂಗಳುಗಟ್ಟಲೆ ಮನೆಯವರು ಕಾದರು. ಕೊನೆಗೆ 2019ರ ಮೇ ಆರಂಭದಲ್ಲಿ, ಮಹಾರಾಷ್ಟ್ರದ ಮಾಲ್ವಣದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಪತ್ತೆಹಚ್ಚಿದ್ದು ನೌಕಾಪಡೆಯ ಮುಳುಗುಗಾರರ ಹಡಗು 'ನಿರೀಕ್ಷಕ್'. ಆ ಹುಡುಕಾಟಕ್ಕೆ ಮಲ್ಪೆಯ ಮೀನುಗಾರರನ್ನೂ ಹಡಗಿಗೆ ಹತ್ತಿಸಿಕೊಂಡಿದ್ದರು. ಅಂದರೆ ಸೈನಿಕರು ಮೀನುಗಾರರನ್ನು ಕಡಲಿಗೆ ಕರೆದುಕೊಂಡು ಹೋದ ನಿದರ್ಶನ ನಮ್ಮಲ್ಲೇ ಇದೆ, ಬಹಳ ದುಃಖದ ಕಾರಣಕ್ಕೆ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದ ನಲವತ್ತಕ್ಕೂ ಹೆಚ್ಚು ನಾಟಿಕಲ್ ಮೈಲು ಆಚೆ ಬೇಪೂರಿನ 'ರಬಾಹ್' ಬೋಟಿಗೆ ಸರಕು ಹಡಗು ಬಡಿದಾಗ ಬೋಟಿನಲ್ಲಿದ್ದ 14 ಮಂದಿಯಲ್ಲಿ ಬದುಕಿದ್ದು ಇಬ್ಬರು. ಉಳಿದವರಿಗಾಗಿ ದಿನಗಟ್ಟಲೆ ನೀರು ಜಾಲಾಡಿದ್ದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ. ಅದೇ ವರ್ಷ ಮೇ 17ರಂದು, ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿ ಬಳಿ ಬಂಡೆಗೆ ಸಿಕ್ಕಿಬಿದ್ದ ಟಗ್ಗಿನಿಂದ ಒಂಬತ್ತು ಮಂದಿಯನ್ನು ದಡ ಸೇರಿಸಿದ್ದೂ ಅವರೇ.

ಲೆಕ್ಕ ಒಂದೇ ಕಡೆಯದ್ದೂ ಅಲ್ಲ. 2018ರ ಆಗಸ್ಟ್ ಪ್ರಳಯದಲ್ಲಿ ಕೇರಳದ ಮೀನುಗಾರರು ದೋಣಿಗಳನ್ನು ಲಾರಿಗೇರಿಸಿ ಊರೊಳಗೆ ತಂದು ಸೈನ್ಯದ ಜೊತೆ ಹೆಗಲು ಕೊಟ್ಟರು. ತಾನೂರಿನ ಯುವಕನೊಬ್ಬ ನೀರಿನಲ್ಲಿ ಮಂಡಿಯೂರಿ ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿದ ವೀಡಿಯೊ ನಮ್ಮ ಮನೆಗಳಲ್ಲಿ ಎಷ್ಟು ಸಲ ಓಡಿತು.

ಆದ್ದರಿಂದ ಕೊರವಂಗಲದ ಅಣ್ಣನ ಪ್ರಶ್ನೆಗೆ 'ಆಗುವುದಿಲ್ಲ' ಎಂದು ಹೇಳಿ ಕೈ ಬಿಡಲು ನಮಗೆ ಮನಸ್ಸಾಗಲಿಲ್ಲ. ನಾಲ್ಕು ದಿನ ದಕ್ಕೆ, ಬೆಂಗರೆ, ಉಳ್ಳಾಲ ಎಂದು ತಿರುಗಿದೆವು. ಹಿರಿಯ ಮೀನುಗಾರರು ಹೇಳಿದ ದಾರಿಗಳು ಮೂರು. ಒಂದು ಸುಲಭ, ಒಂದು ಅದಕ್ಕಿಂತ ಸುಲಭ, ಒಂದು ಕಷ್ಟ.

ಅತಿ ಸುಲಭದ್ದು ಹಾಸನದವರ ಮನೆ ಬಾಗಿಲಲ್ಲೇ ಇದೆ. ಗೊರೂರಿನ ಹೇಮಾವತಿ ಹಿನ್ನೀರು, ಕಾಟ್ಲಾ, ರೋಹು ಇರುವ ನೀರು. ಆದರೆ ಅಣ್ಣ ಕೇಳಿದ್ದು ಸಮುದ್ರ. ಕೆರೆ ತೋರಿಸಿ ಸಮುದ್ರ ಅಂದರೆ ಒಪ್ಪುವ ಜನ ಅಲ್ಲ ಹಾಸನದವರು. ಅದನ್ನು ಅಲ್ಲಿಗೇ ಬಿಟ್ಟೆವು.

ಎರಡನೆಯದು ನಮಗೆ ಬಹಳ ಇಷ್ಟವಾಯಿತು. ಕೈರಂಪಣಿ. ಹಳೆಯ ರಂಪಣಿಯ ಸಣ್ಣ ತಮ್ಮ ಇದು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಕಡಲಿಗೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯುವುದು. ಹಿಂದಿನ ದೊಡ್ಡ ರಂಪಣಿಗೆ ನೂರರಷ್ಟು ಕೈ ಬೇಕಿತ್ತು. ಒಂದು ಬಲೆ ಎಂದರೆ ಒಂದು ಊರು. 1970ರ ದಶಕದ ನಡುವೆ ಪರ್ಸಿನ್ ಬೋಟುಗಳು ಬಂದು, ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಆಚೆಯೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ರಂಪಣಿ ಮುಳುಗಿತು. ಆಗಿನ ಜಗಳಗಳನ್ನು ನೆನಪಿಸಿಕೊಳ್ಳುವ ಅಜ್ಜಂದಿರು ಈಗಲೂ ಇದ್ದಾರೆ. ಕೈರಂಪಣಿ ಮಾತ್ರ ಮಲ್ಪೆ ಪಡುಕರೆಯ ಹಾಗೆ ಅಲ್ಲಲ್ಲಿ ಉಳಿದಿದೆ. ಅದರ ಒಂದು ರಿವಾಜು ಚೆನ್ನ: ಹಗ್ಗಕ್ಕೆ ಕೈ ಹಾಕಿದವನಿಗೆ ಮೀನಿನ ಪಾಲು ಉಂಟು. ದಾರಿಹೋಕನಾದರೂ ಸರಿ, ಎಳೆದಿದ್ದರೆ ಒಂದು ಹಿಡಿ ಬಂಗುಡೆ ಅವನದ್ದು. ಇಲ್ಲಿ ಪರವಾನಗಿಯ ಗೊಂದಲವಿಲ್ಲ, ವಾಂತಿಯಿಲ್ಲ, ಮನೆಯ ಹೆಂಗಸರು ಮಕ್ಕಳೂ ಬರಬಹುದು. ಕಾಲಿಲ್ಲದವರು ಕುಳಿತೇ ಹಗ್ಗ ಸುತ್ತಬಹುದು. ಮುಖ್ಯವಾಗಿ ಅವರು ದಾನ ತೆಗೆದುಕೊಂಡ ಹಾಗಾಗುವುದಿಲ್ಲ, ದುಡಿದು ಪಾಲು ಪಡೆದ ಹಾಗಾಗುತ್ತದೆ. ಸೈನಿಕರಿಗೆ ಕರುಣೆ ತೋರಿಸಿದರೆ ಹಿಡಿಸುವುದಿಲ್ಲ. ಹಿಡಿಸಬಾರದು ಕೂಡಾ.

ಮೂರನೆಯದು, ಕಷ್ಟದ್ದು, ಅಣ್ಣ ಕೇಳಿದ್ದೇ. ದಡ ಕಾಣದಷ್ಟು ದೂರ ಹೋಗಿ ಗಾಳ ಹಾಕುವುದು. ಅಂಜಲ್, ಕೇದರ್, ಮುರು ಗಾಳಕ್ಕೂ ಬೀಳುವ ಮೀನುಗಳು. ಅಂಜಲ್ ಗಾಳ ಕಚ್ಚಿದರೆ ದಾರ ಅಂಗೈಯನ್ನು ಕೊಯ್ಯುತ್ತದೆ, ಬಟ್ಟೆ ಸುತ್ತಿಕೊಂಡೇ ಹಿಡಿಯಬೇಕು. ಟ್ರಾಲ್‌ಬೋಟು ಇದಕ್ಕೆ ಬೇಡ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಬಂದರು ಇಲಾಖೆಯಿಂದ ಪ್ರಯಾಣಿಕರ ಪರವಾನಗಿ ಇರುವ ಬೋಟನ್ನು ಒಂದು ದಿನಕ್ಕೆ ಬಾಡಿಗೆಗೆ ಹಿಡಿಯುವುದು, ನಮ್ಮ ತಂಡೇಲ ಮತ್ತು ಇಬ್ಬರು ಕಲಾಸಿಗಳು ಮೀನಿನ ಜಾಗ ತೋರಿಸಲು ಜೊತೆಗೆ ಹೋಗುವುದು, ಹೊರಡುವ ಮೊದಲು ಮೀನುಗಾರಿಕೆ ಇಲಾಖೆಗೂ ಕರಾವಳಿ ಕಾವಲು ಪೊಲೀಸರಿಗೂ ಹೆಸರಿನ ಪಟ್ಟಿ ಕೊಡುವುದು. ಪರವಾನಗಿಯಲ್ಲಿ ಎಷ್ಟು ದೂರದವರೆಗೆ ಎಂದು ಬರೆದಿದೆಯೋ ಅಷ್ಟೇ ದೂರ. ಎಲ್ಲರಿಗೂ ಲೈಫ್ ಜಾಕೆಟ್, ಅದು ಸೀಟಿನಡಿಯಲ್ಲಲ್ಲ, ಮೈಮೇಲೆ. ಬೆಳಗಿನ ಜಾವ ಹೊರಟು ಸಂಜೆಗೆ ಮುನ್ನ ವಾಪಸು. ಮೊದಲ ಸಲಕ್ಕೆ ಎಂಟು ಮಂದಿಗಿಂತ ಹೆಚ್ಚು ಬೇಡ. ಸೇವೆಯಲ್ಲಿರುವವರನ್ನು ಕರೆದರೆ ಅವರ ಕಡೆಯ ಅನುಮತಿಯ ವಿಷಯ ಬರುತ್ತದೆ, ಆದ್ದರಿಂದ ನಿವೃತ್ತರಿಂದ ಶುರು. ಯಾರಿಗೆ ಆರೋಗ್ಯ ಸರಿಯಿದೆ, ಯಾರಿಗೆ ನೀರು ಆಗದು ಎಂದು ಸೈನಿಕ ಕಲ್ಯಾಣ ಇಲಾಖೆಯ ಮೂಲಕ ಕೇಳಿಕೊಂಡರೆ ಒಳ್ಳೆಯದು.

ಕಾಲ ಯಾವುದು? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟ್, ಸೆಪ್ಟೆಂಬರಿನಲ್ಲಿ ಬೋಟಿನವರಿಗೆ ಉಸಿರಾಡಲು ಪುರುಸೊತ್ತಿಲ್ಲ, ಕಡಲೂ ಪೂರ್ತಿ ಇಳಿದಿರುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ನೀರು ತಟ್ಟೆಯ ಹಾಗೆ. ಡಿಸೆಂಬರ್ 7 ಈ ನಡುವೆಯೇ ಬರುತ್ತದೆ ಎಂದು ಯಾರೋ ಹೇಳಿದರು. ಬೇಡ ಎಂದು ನಮಗನಿಸಿತು. ಆ ದಿನ ಭಾಷಣ ಬರುತ್ತದೆ, ಬ್ಯಾನರ್ ಬರುತ್ತದೆ, ಶಾಲು ಬರುತ್ತದೆ. ಮೀನು ಬರುವುದಿಲ್ಲ.

ಫೋಟೋ ವಿಷಯ ಬಂದಾಗ ಬೆಂಗರೆಯಲ್ಲಿ ಸ್ವಲ್ಪ ಚರ್ಚೆಯೇ ಆಯಿತು. ಯುವಕರಿಗೆ ಫೋಟೋ ಬೇಕು. 'ಬ್ಯಾರಿಗಳು ಸೈನಿಕರನ್ನು ಕಡಲಿಗೆ ಕರೆದೊಯ್ದರು' ಎಂದು ನಾಲ್ಕು ಜನ ನೋಡಲಿ ಎಂಬ ಆಸೆ. ಅದರಲ್ಲಿ ತಪ್ಪಿಲ್ಲ, ಆ ಒಂದು ಜಾಸ್ತಿ ಪ್ರಶ್ನೆಯ ನೋವು ಅದರ ಹಿಂದಿದೆ. ಹಿರಿಯರೊಬ್ಬರು ಒಪ್ಪಲಿಲ್ಲ. "ನಾವು ಒಳ್ಳೆಯವರು ಅಂತ ತೋರಿಸ್ಲಿಕ್ಕೆ ಕರೆದ್ರೆ ಅವರು ನಮ್ಮ ಅತಿಥಿ ಆಗೂದಿಲ್ಲ, ಸಾಕ್ಷಿ ಆಗ್ತಾರೆ. ಮನೆಗೆ ಬಂದವರಿಗೆ ಸಾಕ್ಷಿ ಹೇಳಿಸ್ತೀರಾ?" ಎಂದು ಕೇಳಿದರು. ನಾವು ಹಿರಿಯರ ಕಡೆ. ಆದರೆ ಯುವಕರ ಮುಖ ಸಣ್ಣದಾದದ್ದನ್ನೂ ನೋಡಿದೆವು. ಅವರ ಮಾತಿಗೂ ಉತ್ತರ ಯಾರಾದರೂ ಕೊಡಬೇಕಾಗುತ್ತದೆ.

ಖರ್ಚಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬೋಟಿನ ಬಾಡಿಗೆ, ಡೀಸೆಲ್, ಗಾಳ ಮತ್ತು ದಾರ, ಊಟ, ಹಾಸನದಿಂದ ಬಂದು ಹೋಗಲು ಒಂದು ವ್ಯಾನು, ಆ ದಿನದ ವಿಮೆ. ಒಂದು ಮದುವೆಯ ಊಟದಲ್ಲಿ ನಾವು ಚೆಲ್ಲುವ ಬಿರಿಯಾನಿಯ ಲೆಕ್ಕದ ಮುಂದೆ ಇದು ದೊಡ್ಡದಲ್ಲ. ತಂಡೇಲ ಕೂಲಿ ಬೇಡ ಎಂದಿದ್ದಾರೆ. ಕಲಾಸಿಗಳಿಗೆ ಮಾತ್ರ ಅವರ ದಿನದ ಸಂಬಳ ಕೊಡಲೇಬೇಕು. ಇವತ್ತು ದಕ್ಕೆಯ ಬೋಟುಗಳಲ್ಲಿ ದುಡಿಯುವವರಲ್ಲಿ ಒಡಿಶಾ, ಆಂಧ್ರ, ಜಾರ್ಖಂಡಿನವರು ಬಹಳ. ನಮ್ಮ ದಾನಕ್ಕೆ ಅವರ ಕೂಲಿ ಕತ್ತರಿಸುವುದು ನ್ಯಾಯವಲ್ಲ.

ಊಟದ ಜವಾಬ್ದಾರಿಯನ್ನು ಬೆಂಗರೆಯ ಒಂದು ಮನೆಯವರು ಈಗಾಗಲೇ ವಹಿಸಿಕೊಂಡಿದ್ದಾರೆ. ಬೋಟಿಗೆ ಬೆಳಿಗ್ಗೆ ಅಕ್ಕಿ ರೊಟ್ಟಿ, ಬಂಗುಡೆ ಸಾರು, ಲಿಂಬೆ ಉಪ್ಪಿನಕಾಯಿ. ಮೀನು ತಿನ್ನದವರು ಇದ್ದರೆ ಮೊದಲೇ ತಿಳಿಸಬೇಕಂತೆ, ಬೇರೆ ಪಾತ್ರೆಯಲ್ಲಿ ಮಾಡುತ್ತಾರೆ. "ಮುದ್ದೆ ಮಾಡ್ಲಿಕ್ಕೆ ನಮಗೆ ಗೊತ್ತಿಲ್ಲ, ಅದನ್ನು ಅವರೇ ಕಲಿಸಲಿ" ಎಂದರು ಮನೆಯೊಡತಿ. ಸೈನಿಕರ ಮನೆಯ ಹೆಂಗಸರೂ ಬರುವುದಾದರೆ ಅವರು ಕೈರಂಪಣಿ ಎಳೆಯುವ ದಡದಲ್ಲಿ ಇರಲಿ, ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲಿ ಎನ್ನುವುದು ಅವರ ಲೆಕ್ಕಾಚಾರ. ಬರೀ ಗಂಡಸರನ್ನು ಕಡಲಿಗೆ ಕಳಿಸಿ ಹೆಂಗಸರನ್ನು ಊರಲ್ಲೇ ಬಿಟ್ಟರೆ ಅರ್ಧ ಕೆಲಸವಾಯಿತು ಅಷ್ಟೆ. ಅಷ್ಟು ವರ್ಷ ಮನೆ ಕಾದವರು ಅವರೂ ತಾನೇ.

ದಕ್ಕೆಯ ಮಾಲಕರು ಇಷ್ಟೆಲ್ಲ ಆದ ಮೇಲೆ ತಮ್ಮ ಷರತ್ತು ಹೇಳಿದರು. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಯಾರೇ ಹೇಳಿದರೂ ಹೊರಡುವುದಿಲ್ಲ. ಕಡಲಲ್ಲಿ ಕರ್ನಲ್ ಬಂದರೂ ತಂಡೇಲನ ಮಾತೇ ಕೊನೆ. ಬೋಟಿನಲ್ಲಿ ಕುಡಿತ ಇಲ್ಲ. ಸಿಕ್ಕಿದ ಮೀನು ಎಲ್ಲರಿಗೂ ಸಮಪಾಲು, ಏನೂ ಸಿಗದಿದ್ದರೆ ಅದೂ ಸಮಪಾಲು. ಕಾಕ ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಂಡು ಮೀನಿನ ಪೆಟ್ಟಿಗೆಯ ಮೇಲೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿಕೊಂಡರು.

ಪ್ರಯಾಣಿಕರ ಪರವಾನಗಿ ಇರುವ ಬೋಟಿನ ಮಾಲಕರು, ಮನಸ್ಸಿನ ತೊಂದರೆ ಬಲ್ಲ ಡಾಕ್ಟರೊಬ್ಬರು, ಇಲಾಖೆಯ ಅರ್ಜಿಗಳ ದಾರಿ ಗೊತ್ತಿರುವ ವಕೀಲರು ಓದುಗರಲ್ಲಿ ಖಂಡಿತ ಇದ್ದೀರಿ. ಈ ಪುಟದ ವಿಳಾಸಕ್ಕೆ ಅಕ್ಟೋಬರ್ ಮುಗಿಯುವುದರೊಳಗೆ ಬರೆಯಿರಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆ ಮೀನಿನ ಲೈನಿಗೆ ಹೋಗುವವರು ನಿಮ್ಮ ಗಿರಾಕಿಗಳಲ್ಲಿ ಸೈನ್ಯದಿಂದ ಬಂದವರು ಯಾರಿದ್ದಾರೆ ಎಂದು ಕೇಳಿಕೊಂಡು ಬನ್ನಿ. ಹೆಸರು ಬರೆದುಕೊಳ್ಳುವ ಮೊದಲು ಅವರಿಗೆ ಬರಲು ಮನಸ್ಸಿದೆಯೇ ಎಂದು ಕೇಳಿ.